ಯುವರಾಣಿಗೆ ಎರೆದ ಧಾರೆ

ಚೇರಂಬಾಣೆ
೧೧ ಜನವರಿ ೧೯೫೩

ಯಮುನಕ್ಕನಿಗೆ,

ನಾವೆಲ್ಲ ಚೆನ್ನಾಗಿದ್ದೇವೆ, ಆದರೆ ಅದನ್ನು ತಿಳಿಸಲು ಈ ಕಾಗದ ಬರೆಯುತ್ತಿಲ್ಲ. ನಮ್ಮ ಕೆಳಗದ್ದೆಯಲ್ಲಿ ಕೋಟೆ ಎದ್ದಿದೆ! ಮೈಸೂರು ಕಡೆಯಿಂದ ಸಿನಿಮಾ ಕಂಪೆನಿಯವರು ಬಂದು, ಕೊಯ್ಲಾದ ಗದ್ದೆಯಲ್ಲಿ ಹಲಗೆ ನಿಲ್ಲಿಸಿ, ಗೋಣಿ ಹೊದೆಸಿ, ಬಣ್ಣ ಬಳಿದು ಒಂದು ರಾಜ್ಯವನ್ನೇ ಕಟ್ಟಿದ್ದಾರೆ. ಮುಂದಿನಿಂದ ನೋಡಿದರೆ ಕಲ್ಲಿನ ಕೋಟೆ, ಹಿಂದೆ ಹೋದರೆ ಬರೀ ಬಿದಿರಿನ ಗಳ. ಮೊನ್ನೆ ನಮ್ಮ ಕಪ್ಪು ದನ ಹಿಂದಿನಿಂದ ನುಗ್ಗಿ ರಾಜನ ದರ್ಬಾರಿನಲ್ಲಿ ಸಗಣಿ ಹಾಕಿತು. ಮಂತ್ರಿ ವೇಷದವನು ಅದನ್ನು ತುಳಿದ.

ಕಥೆ ಐನೂರು ವರ್ಷದ ಹಿಂದಿನದಂತೆ. ಹದಿನೇಳರ ಯುವರಾಣಿಯನ್ನು ಅವಳಪ್ಪ ಒಬ್ಬ ಮುದಿ ರಾಜನಿಗೆ ಕೊಡಲು ಹೊರಡುತ್ತಾನೆ. ಧಾರೆ ಎರೆಯುತ್ತಾರೆ, ಇನ್ನೇನು ತಾಳಿ ಕಟ್ಟಬೇಕು, ಅಷ್ಟರಲ್ಲಿ ಅವಳು ಕುದುರೆ ಹತ್ತಿ ಓಡಿಹೋಗುತ್ತಾಳೆ. ಗಂಡುವೇಷ ಹಾಕಿ ಕುಂಬಾರನ ಮನೆಯಲ್ಲಿ ಮಡಕೆ ಒಡೆದು ಬೈಸಿಕೊಂಡು, ಹೀಗೇ ಬುದ್ಧಿ ಬೆಳೆದು ದೊಡ್ಡವಳಾಗಿ ಕೊನೆಗೆ ತಾನೇ ಸಿಂಹಾಸನ ಏರುತ್ತಾಳೆ. ಆರಂಭದಿಂದ ಕೊನೆಯವರೆಗೆ ನಗೆಯೇ ಅಂತೆ. ಹೆಸರು ‘ತುಂಟ ಯುವರಾಣಿ’.

ಅಕ್ಕ, ನನಗೂ ಹದಿನೇಳೇ. ಆದರೆ ನಿನ್ನ ಮೈದುನ ಮುದಿ ರಾಜ ಅಲ್ಲವಾದ್ದರಿಂದ ಓಡಿಹೋಗುವ ಆಲೋಚನೆ ಇಲ್ಲವೆಂದು ಅವರಿಗೆ ತಿಳಿಸಿಬಿಡು.

ಊರಿನ ಹೆಂಗಸರನ್ನು ಜಾತ್ರೆಯ ದೃಶ್ಯಕ್ಕೆ ನಿಲ್ಲಲು ಕರೆಯುತ್ತಿದ್ದಾರೆ. ವೀಳ್ಯಶಾಸ್ತ್ರ ಆಗಿ ನಾನು ನಿಮ್ಮ ಮನೆಯ ಮಾತಾದವಳು, ಕೇಳದೆ ಹೋಗಬಾರದೆಂದು ಅಜ್ಜನ ಹಟ. ಹೋಗಲೇ? ಬೇಗ ಬರೆ, ಕೋಟೆ ಬಿಚ್ಚಿಕೊಂಡು ಹೋಗಿಬಿಡುತ್ತಾರೆ.

ಪ್ರೇಮ


ಮೂರ್ನಾಡು
೧೯ ಜನವರಿ ೧೯೫೩

ಪ್ರೇಮಾ,

ನಿನ್ನ ಕಾಗದ ಬಂದರೆ ಈ ಮನೆಯಲ್ಲಿ ಹಬ್ಬ. ಅತ್ತೆಗೆ ಓದು ಬಾರದು, ಆದ್ದರಿಂದ ಒಲೆಯ ಮುಂದೆ ಕೂತು ನಾನೇ ಗಟ್ಟಿಯಾಗಿ ಓದಬೇಕು. ದೇರಪ್ಪ ಮಾತ್ರ ಏನೋ ಹುಡುಕುವವನ ಹಾಗೆ ಬಾಗಿಲ ಹತ್ತಿರ ಸುಳಿಯುತ್ತಾನೆ. ‘ಮುದಿ ರಾಜ ಅಲ್ಲ’ ಎಂದು ಓದಿದಾಗ ಅವನ ಕಿವಿ ಕೆಂಪಾಯಿತು. ಅತ್ತೆ ನಕ್ಕು, “ಈ ಗೂಡೆ ಬಂದ್ರೆ ಮನೇಲಿ ಯಾರಿಗೂ ಬಾಯಿ ತೆರೆಯೋಕೆ ಎಡೆ ಇಲ್ಲೆ,” ಎಂದರು. ಅವರ ಬಾಯಲ್ಲಿ ಅದು ಹೊಗಳಿಕೆ.

ಹೋಗು ಮಾರಾಯ್ತಿ, ಧಾರಾಳವಾಗಿ ಹೋಗು. ಇಂಥದ್ದು ಮತ್ತೆಲ್ಲಿ ಸಿಗುತ್ತದೆ? ಹಸಿರು ಗಾಜಿನ ಬಳೆ ಕಳಿಸಿದ್ದೇನೆ, ಹಾಕಿಕೊಂಡು ನಿಲ್ಲು. ಆ ಮಂದಿಯ ನಡುವೆ ನನ್ನ ತಂಗಿ ಯಾರೆಂದು ನಾನು ಗುರುತು ಹಿಡಿಯಬೇಕಲ್ಲ!

ನಿನಗೂ ದೇರಪ್ಪನಿಗೂ ಎಂದು ತೆಂಕಣ ಕೋಣೆಗೆ ಸುಣ್ಣ ಹೊಡೆಸಿದೆ. ಅದರ ಕಿಟಕಿಯಿಂದ ಕೂಗಿದರೆ ನನ್ನ ಅಡಿಗೆಮನೆಗೆ ಕೇಳುತ್ತದೆ, ಪರೀಕ್ಷೆ ಮಾಡಿ ನೋಡಿದ್ದೇನೆ. ನಿಜ ಹೇಳುತ್ತೇನೆ, ಇಲ್ಲಿಗೆ ಬಂದ ಮೇಲೆ ಹೊಟ್ಟೆತುಂಬ ನಕ್ಕದ್ದು ಕಡಿಮೆ. ಒಳ್ಳೆಯ ಜನವೇ, ಆದರೆ ನನ್ನವರು ಅಂತ ಒಬ್ಬರಿಲ್ಲ. ನಿಮ್ಮ ಮದುವೆಯ ಮೇ ತಿಂಗಳು ಯಾವಾಗ ಬರುತ್ತದೋ ಎಂದು ನಿನಗಿಂತ ಹೆಚ್ಚು ನಾನೇ ಕಾಯುತ್ತಿದ್ದೇನೆ.

ಯಮುನ


ಚೇರಂಬಾಣೆ
೮ ಫೆಬ್ರವರಿ ೧೯೫೩

ಅಕ್ಕ,

ನಿನ್ನ ತಂಗಿ ಜಾತ್ರೆಯಲ್ಲಿ ನಿಲ್ಲಲಿಲ್ಲ. ನಿನ್ನ ತಂಗಿ ಯುವರಾಣಿಯೇ ಆದಳು!

ನಿಜವಾದ ಯುವರಾಣಿಗೆ, ಅಂದರೆ ಆ ನಟಿಗೆ, ಮದ್ರಾಸಿನಲ್ಲಿ ಬೇರೊಂದು ಚಿತ್ರದ ಕೆಲಸವಿತ್ತಂತೆ. ಮದುವೆಯ ದೃಶ್ಯ ಬಾಕಿ ಇರುವಾಗಲೇ ಕಾರು ಹತ್ತಿ ಹೋದಳು. ಇನ್ನು ಬೇಕಾದದ್ದು ಬೆನ್ನು ಮತ್ತು ಎರಡು ಕೈ ಮಾತ್ರ ಎಂದು ಡೈರೆಕ್ಟರು ಎಲ್ಲ ಹುಡುಗಿಯರ ಕೈ ನೋಡಿ ನನ್ನದನ್ನು ಆರಿಸಿದರು. ಮುಖಕ್ಕೆ ಮುಸುಕು. ಮುದಿ ರಾಜನಿಗೂ ಜ್ವರ. ಅವನ ಮೀಸೆಯನ್ನು ಕಂಪೆನಿಯ ಟೈಲರ್ ಕೆಂಪಣ್ಣನಿಗೆ ಅಂಟಿಸಿದರು. ಆತ ನಡುಗುತ್ತ, “ಅವ್ವಾ, ಊರಲ್ಲಿ ನನ್ ಹೆಂಡ್ರು ಮಕ್ಳು ಅವ್ರೆ. ಅವ್ಳಿಗೆ ಗೊತ್ತಾದ್ರೆ ನನ್ ಕತ್ರೀಲೇ ನನ್ ಮೀಸೆ ಕತ್ತರುಸ್ತಾಳೆ,” ಎನ್ನುತ್ತಿದ್ದ.

ಧಾರೆ ಎರೆದವರು ಯಾರು ಗೊತ್ತೇ? ನಮ್ಮಜ್ಜ! ಕಂಪೆನಿಯ ಭಟ್ಟನ ವೇಷದವನು ಎತ್ತರದಿಂದ ನೀರು ಸುರಿಯುವುದನ್ನು ನೋಡಿ, ಗದ್ದೆ ಬದುವಿನಲ್ಲಿ ಕೂತಿದ್ದ ಅಜ್ಜನಿಗೆ ತಡೆಯಲಾಗಲಿಲ್ಲ. “ಇದೆಂತ ಮಾರಾಯ, ಬಸಳೆ ಬಳ್ಳಿಗೆ ನೀರು ಹೊಯ್ಯೋದಾ?” ಎಂದು ಗದರಿದರು. ಹಾಗಾದರೆ ನೀವೇ ಮಾಡಿ ಎಂದರು ಡೈರೆಕ್ಟರು.

ಇನ್ನೂ ಸ್ವಲ್ಪ ಇದೆ, ಅದನ್ನು ಎದುರು ಸಿಕ್ಕಾಗ ಹೇಳುತ್ತೇನೆ. ಬಳೆ ಹಾಕಿಕೊಂಡಿದ್ದೆ.

ಪ್ರೇಮ


ಮೂರ್ನಾಡು
೧೮ ಫೆಬ್ರವರಿ ೧೯೫೩

ಪ್ರೇಮಾ,

ಎಂದಿನಂತೆ ಒಲೆಯ ಮುಂದೆ ನಗುನಗುತ್ತ ಓದಿದೆ. ಬಸಳೆ ಬಳ್ಳಿಯ ಮಾತಿಗೆ ನಾನು ಬಿದ್ದು ಬಿದ್ದು ನಗುತ್ತಿರುವಾಗ ರೊಟ್ಟಿ ತಟ್ಟುತ್ತಿದ್ದ ಅತ್ತೆಯ ಕೈ ನಿಂತಿತು.

“ಪದ್ಮಯ್ಯಜ್ಜ ಎರೆದದ್ದಾ? ಯಾವ ಬಳಿ ಹೇಳಿ ಎರೆದದ್ದು?”

ಸಿನಿಮಾ ಅತ್ತೆ, ಅಲ್ಲಿ ಎಂಥ ಬಳಿ ಎಂದೆ. ಹಂಚಿನ ಮೇಲಿನ ರೊಟ್ಟಿ ಕರಟಿತು. ಸಂಜೆಗೆ ದೊಡ್ಡಮನೆಯ ಮಾವಂದಿರು ಬಂದು ಕೂತರು.

ನೀನು ಚಿಕ್ಕವಳು, ನಿನಗೆ ತಿಳಿಯದೆ ಇರಬಹುದು. ನಮ್ಮಲ್ಲಿ ಬಳಿಯ, ಅಂದರೆ ಕುಲದ, ಹೆಸರು ಹೇಳಿ ಹೆಣ್ಣಿನ ಬೊಗಸೆಗೆ ಧಾರೆಯ ನೀರು ಬಿದ್ದರೆ ಅವಳು ಹುಟ್ಟಿದ ಬಳಿ ಬಿಟ್ಟ ಹಾಗೆ. ಎರಡನೆಯ ಸಲ ಅವಳಿಗೆ ಧಾರೆ ಇಲ್ಲ. ಗಂಡ ಸತ್ತವರಿಗೂ ಬಿಟ್ಟವರಿಗೂ ಮಾಡುವ ಕೂಡಾವಳಿ ಮಾತ್ರ. ಮೊದಲ ಮದುವೆಯ ಹೈದನನ್ನು ಕೂಡಾವಳಿಗೆ ಕೂರಿಸುವುದಿಲ್ಲ ಎನ್ನುತ್ತಾರೆ ಮಾವಂದಿರು.

ಇದೆಲ್ಲ ನಡೆದಿರಲಾರದು ಎಂದು ನನಗೆ ಗೊತ್ತು. ಅಜ್ಜ ಏನೋ ಗೊಣಗಿರುತ್ತಾರೆ, ನೀರು ಹೊರಗೆ ಚೆಲ್ಲಿರುತ್ತದೆ. ಅಷ್ಟನ್ನೇ ಬರೆ. ಎರಡು ಕಾಗದ ಮಾಡು, ಒಂದು ನನಗೆ, ಇನ್ನೊಂದು ಇಲ್ಲಿ ಗಟ್ಟಿಯಾಗಿ ಓದುವುದಕ್ಕೆ.

ಯಮುನ


ಚೇರಂಬಾಣೆ
೨ ಮಾರ್ಚ್ ೧೯೫೩

ಅಕ್ಕ,

ಎರಡು ಕಾಗದ ಬರೆಯಲು ಕೂತೆ. ಎರಡನೆಯದು ಮುಂದೆ ಹೋಗಲಿಲ್ಲ, ಒಂದೇ ಕಳಿಸಿದ್ದೇನೆ.

ಎದುರು ಸಿಕ್ಕಾಗ ಹೇಳುತ್ತೇನೆ ಎಂದಿದ್ದು ಇದನ್ನೇ. ಡೈರೆಕ್ಟರು ನೀವೇ ಮಾಡಿ ಎಂದಾಗ ಅಜ್ಜ ಸುಮ್ಮನೆ ಎದ್ದು ಬರಲಿಲ್ಲ. ತೋಡಿನಲ್ಲಿ ಕೈಕಾಲು ತೊಳೆದರು. ಅವ್ವನನ್ನು ಓಡಿಸಿ ಮನೆಯಿಂದ ಹಿತ್ತಾಳೆಯ ಗಿಂಡಿ ತರಿಸಿದರು. ಇಡೀ ನಾಡಿನ ಮದುವೆಗಳಿಗೆ ಎರೆದ ಅದೇ ಗಿಂಡಿ. ಅದು ಕೈಗೆ ಬಂದ ಮೇಲೆ ಅವರು ಸಿನಿಮಾ ನೋಡಲು ಬಂದ ಅಜ್ಜನಾಗಿ ಉಳಿಯಲಿಲ್ಲ. ಕೆಂಪಣ್ಣನ ಹತ್ತಿರ ಅವನ ಬಳಿ ಕೇಳಿದರು. “ಬಳಿ ಅಂದ್ರೇನು ಸ್ವಾಮಿ?” ಎಂದ ಆತ. ಬಳಿ ಇಲ್ಲದವನಿಗೆ ಹೇಗೆ ಎರೆಯುವುದು? ಅಜ್ಜ ಅಲ್ಲೇ ನಿಂತು ಆಲೋಚನೆ ಮಾಡಿ ಅವನಿಗೊಂದು ಬಳಿ ಕೊಟ್ಟರು. ಯುವರಾಣಿಯ ಸುಳ್ಳು ಹೆಸರನ್ನು ಡೈರೆಕ್ಟರು ಹೇಳಿಕೊಟ್ಟರು. ಗಿಂಡಿ ಎತ್ತಿದ ಮೇಲೆ ಅಜ್ಜನ ಬಾಯಿಂದ ಬಂದದ್ದು ನನ್ನ ಹೆಸರು, ನಮ್ಮ ಮನೆಯ ಹೆಸರು, ನಮ್ಮ ಬಳಿ.

ಅಲ್ಲಿಯವರೆಗೆ ಕಿಸಿಕಿಸಿ ನಗುತ್ತಿದ್ದ ಹೆಂಗಸರು ಸುಮ್ಮನಾದರು. ಯಾರೂ ಹೇಳದೆ ಒಬ್ಬೊಬ್ಬರೇ ಬಂದು ಸೇಸೆ ಅಕ್ಕಿ ಹಾಕಿದರು. ಆಚೆಮನೆ ಚಿನ್ನಿ ಅತ್ತೆ ಕಣ್ಣೊರೆಸಿಕೊಂಡರು. ಡೈರೆಕ್ಟರಿಗೆ ಎಷ್ಟು ಸಂತೋಷವಾಯಿತೆಂದರೆ ಅಜ್ಜನ ಕಾಲಿಗೆ ಬಿದ್ದರು.

ನೀರು ಬಿತ್ತು, ಅಕ್ಕ. ಕೈ ತುಂಬಿ ಮೊಣಕೈಗೆ ಇಳಿಯಿತು. ತಣ್ಣಗಿತ್ತು. ಆಗಲೇ ನನಗೆ ಹೆದರಿಕೆಯಾಯಿತು. ತಮಾಷೆ ಮಾಡಿ ಬರೆದರೆ ತಮಾಷೆಯಾಗಿಯೇ ಉಳಿಯುತ್ತದೆ ಅಂದುಕೊಂಡೆ.

ಹದಿನೈದನೇ ತಾರೀಕು ನಿಮ್ಮ ಕಡೆಯವರು ಕೇಳಲು ಬರುತ್ತಾರಂತೆ. ಅಜ್ಜನನ್ನು ಅಪ್ಪ ಬೈದರು, “ನಿಮಗೆ ಎಂತಕ್ಕೆ ಬೇಕಿತ್ತು?” ಎಂದು. ಅಜ್ಜ ಹೇಳಿದ್ದು ಒಂದೇ ಮಾತು: “ಸುಳ್ಳು ಧಾರೆ ಎರೆಯೋ ಕೈ ನಂಗಿಲ್ಲೆ.” ಆಮೇಲೆ ಊಟಕ್ಕೂ ಬರಲಿಲ್ಲ.

ಪ್ರೇಮ


ಮೂರ್ನಾಡು
೮ ಮಾರ್ಚ್ ೧೯೫೩

ಪ್ರೇಮಾ,

ನಿನ್ನ ಕಾಗದ ಒಲೆಗೆ ಹಾಕಿದೆ. ನೀರು ಬಿದ್ದಿಲ್ಲವಂತೆ, ಹೊರಗೆ ಚೆಲ್ಲಿತಂತೆ ಎಂದು ಅತ್ತೆಗೆ ಹೇಳಿದ್ದೇನೆ. ಕಾಗದ ಎಲ್ಲಿ ಎಂದರು. ಕೈತಪ್ಪಿ ಬೆಂಕಿಗೆ ಬಿತ್ತು ಎಂದೆ. ಮೊದಲ ಸಲ ಈ ಮನೆಯಲ್ಲಿ ಸುಳ್ಳು ಹೇಳಿದ್ದು.

ಈಗ ಕೇಳು. ಅವರು ಬಂದಾಗ ನಿನ್ನನ್ನು ಒಂದೇ ಪ್ರಶ್ನೆ ಕೇಳುತ್ತಾರೆ. ಬಿದ್ದಿಲ್ಲ ಅನ್ನು. ಅಷ್ಟೇ. ನಿನ್ನ ಬೊಗಸೆಯ ಒಳಗೆ ಇಣುಕಿ ನೋಡಿದವರು ಯಾರೂ ಇಲ್ಲ. ದೇರಪ್ಪ ಕೂಡ ನಿನ್ನೆ ಕೊಟ್ಟಿಗೆಯ ಹತ್ತಿರ ನನ್ನನ್ನು ನಿಲ್ಲಿಸಿ, “ಅತ್ತಿಗೆ, ಅವಳು ಇಲ್ಲೆ ಅಂದ್ರೆ ಸಾಕು, ಬಾಕಿದ್ದು ನಾ ನೋಡಿಕೊಳ್ತೇನೆ,” ಎಂದ. ಅವನು ಇಷ್ಟು ಉದ್ದ ಮಾತಾಡಿದ್ದು ನಾನು ಕೇಳಿಯೇ ಇರಲಿಲ್ಲ.

ಅಜ್ಜನ ಮಾತು ಅಜ್ಜನಿಗೆ. ಅವರ ಕಾಲ ಆಯಿತು. ನಿನ್ನ ಮುಂದೆ ಇಡೀ ಬದುಕು ಇದೆ. ಕೋಪ ಮಾಡಿಕೊಳ್ಳಬೇಡ, ನನಗೂ ನೀನು ಬೇಕು. ದಮ್ಮಯ್ಯ, ಹೂಂ ಅನ್ನಬೇಡ.

ಯಮುನ


ಚೇರಂಬಾಣೆ
೩೦ ಮಾರ್ಚ್ ೧೯೫೩

ಅಕ್ಕ,

ನಿನಗೆ ಅಲ್ಲಿ ಎಲ್ಲ ಗೊತ್ತಾಗಿರುತ್ತದೆ. ಆದರೂ ನನ್ನ ಬಾಯಿಂದ ಒಂದು ಸಲ ಕೇಳು.

ನಾನು ಬಿದ್ದಿಲ್ಲ ಎನ್ನುವುದೆಂದೇ ತೀರ್ಮಾನ ಮಾಡಿದ್ದೆ. ನಿನ್ನ ತೆಂಕಣ ಕೋಣೆಯನ್ನು ನೆನೆದು ಬಾಯಿಪಾಠ ಮಾಡಿಕೊಂಡಿದ್ದೆ. ಜಗಲಿಯಲ್ಲಿ ಎಲ್ಲರೂ ಕೂತಿದ್ದರು. ಅವರು, ಅಂದರೆ ದೇರಪ್ಪ, ಅಂಗಳದ ಕೊನೆಯಲ್ಲಿ ಮಡಚಿದ ಕೊಡೆ ಹಿಡಿದು ನಿಂತಿದ್ದರು. ಊರುಗೌಡರು ಮೊದಲು ಅಜ್ಜನನ್ನು ಕೇಳಿದರು, “ಪದ್ಮಯ್ಯಣ್ಣ, ನೀರು ಬೊಗಸೆಗೆ ಬಿತ್ತಾ ಇಲ್ಲೆಯಾ?” ಎಂದು.

ಅಜ್ಜ ಎದ್ದು ನಿಂತರು. “ನಂಗೆ ವಯಸ್ಸಾತು. ಕೈ ನಡುಗುತ್ತೆ. ಆ ದಿನ ಗಿಂಡಿ…” ಎಂದು ನಿಲ್ಲಿಸಿದರು.

ಅಕ್ಕ, ಅಜ್ಜ ಸುಳ್ಳು ಹೇಳಲು ಹೊರಟಿದ್ದರು. ನನಗಾಗಿ. ಅವರ ಮುಖ ನೋಡಿದ್ದರೆ ನೀನೂ ಸಹಿಸುತ್ತಿರಲಿಲ್ಲ. ಇಡೀ ನಾಡು ಅವರ ಕೈಯಿಂದ ಧಾರೆ ಎರೆಸಿಕೊಂಡದ್ದು ಆ ಬಾಯಿಯ ಮೇಲಿನ ನಂಬಿಕೆಯಿಂದ. ನಾನು ಬಾಗಿಲಿನಿಂದ, “ಅಜ್ಜನ ಕೈ ನಡುಗಿಲ್ಲ. ನೀರು ಬಿತ್ತು,” ಎಂದುಬಿಟ್ಟೆ.

ಯಾರೂ ಬೈಯಲಿಲ್ಲ. ಕಾಫಿ ಕುಡಿದು, ವೀಳ್ಯದ ದಿನ ತಂದಿದ್ದ ಸೀರೆಯನ್ನು ವಾಪಸು ತೆಗೆದುಕೊಂಡು ಹೋದರು. ಕೊಡೆ ಹಿಡಿದಿದ್ದ ಅವರು ಬೇಲಿಯ ತಡಮೆ ದಾಟುವಾಗ ಒಮ್ಮೆ ತಿರುಗಿ ನೋಡಿದರು. ನನ್ನನ್ನೋ ಮನೆಯನ್ನೋ ತಿಳಿಯಲಿಲ್ಲ.

ಅಜ್ಜ ನನ್ನ ಹತ್ತಿರ ಬಂದು, “ಎಂತಕ್ಕೆ ಹೇಳಿದೆ ಮಗಾ, ನಾ ಹೇಳ್ತಿದ್ದೆನಲ್ಲ,” ಎಂದು ಮಗುವಿನ ಹಾಗೆ ಅತ್ತರು.

ನಿನ್ನನ್ನು ಅಲ್ಲಿ ಸುಳ್ಳುಗಾತಿ ಮಾಡಿದೆ. ಕ್ಷಮಿಸು ಅನ್ನಲು ಮುಖವಿಲ್ಲ. ಒಂದು ಸಾಲು ಬರೆ, ಬೈದಾದರೂ ಬರೆ.

ಪ್ರೇಮ


ಚೇರಂಬಾಣೆ
೧೦ ಮೇ ೧೯೫೩

ಅಕ್ಕ,

ನಿನ್ನ ಕಾಗದ ಬರಲಿಲ್ಲ. ಬಸ್ಸಿನ ಟಪಾಲು ಬಂದಾಗೆಲ್ಲ ಅವ್ವ ರಸ್ತೆಗೆ ಹೋಗಿ ಬರುತ್ತಾರೆ. ಬೈಯಲಾದರೂ ಬರೆ.

ಪ್ರೇಮ


ಮೂರ್ನಾಡು
೨೧ ಜೂನ್ ೧೯೫೩

ಪ್ರೇಮಾವತಿಗೆ,

ಕೆಲಸ ಬಹಳ ಇತ್ತು. ದೇರಪ್ಪನ ಮದುವೆ ನಿನ್ನ ಜೊತೆ ಗೊತ್ತು ಮಾಡಿದ್ದ ದಿನವೇ ಬೇರೆ ಹೆಣ್ಣಿನ ಜೊತೆ ಆಯಿತು. ದಿನ ಯಾಕೆ ಹಾಳು ಮಾಡುವುದು ಎಂದರು ಮಾವಂದಿರು. ಅಡಿಗೆಯ ಮೇಲ್ವಿಚಾರಣೆ ನನ್ನದೇ. ಹುಡುಗಿ ಒಳ್ಳೆಯವಳು, ಮೆತ್ತಗೆ ಮಾತಾಡುತ್ತಾಳೆ. ತೆಂಕಣ ಕೋಣೆಯಿಂದ ಅವಳು ಕರೆದರೆ ನನಗೆ ಕೇಳಿಸುವುದೇ ಇಲ್ಲ.

ಅತ್ತೆ ಈಗ ನಾನು ಹೇಳಿದ್ದನ್ನೆಲ್ಲ ಇನ್ನೊಬ್ಬರ ಹತ್ತಿರ ವಿಚಾರಿಸುತ್ತಾರೆ. ಉಪ್ಪು ಮುಗಿದಿದೆ ಎಂದರೂ ಎದ್ದು ಹೋಗಿ ಭರಣಿ ನೋಡುತ್ತಾರೆ. ಇರಲಿ.

ಬೈಯಬೇಕೆಂದು ಎಷ್ಟೋ ಸಲ ಕೂತೆ. ನಿನ್ನ ಜಾಗದಲ್ಲಿ ನಾನಿದ್ದರೆ ಏನು ಮಾಡುತ್ತಿದ್ದೆ ಎಂದು ಯೋಚಿಸಿ ಎದ್ದುಬಿಡುತ್ತಿದ್ದೆ. ಆಗಲಿ. ಅಜ್ಜನನ್ನು ನೋಡಿಕೋ.

ಯಮುನ


ಕರಿಕೆ
೧೪ ನವೆಂಬರ್ ೧೯೫೩

ಅಕ್ಕ,

ಮೇಲಿನ ಊರಿನ ಹೆಸರು ನೋಡಿ ಗಾಬರಿ ಬೇಡ. ಮೊಣ್ಣಪ್ಪ ಮಾವ ಬಂದು ಇಲ್ಲಿಗೆ ಕರೆದುಕೊಂಡು ಬಂದರು. ಚೇರಂಬಾಣೆಯಲ್ಲಿ ಯಾವ ಮದುವೆಗೆ ಹೋದರೂ ನನ್ನನ್ನು ಎಲ್ಲಿ ಕೂರಿಸುವುದೆಂದು ಜನಕ್ಕೆ ತಿಳಿಯುತ್ತಿರಲಿಲ್ಲ. ಮದುವೆಯಾದವರ ಸಾಲಿಗೂ ಅಲ್ಲ, ಆಗದವರ ಸಾಲಿಗೂ ಅಲ್ಲ. ಅವರಿಗೂ ಕಷ್ಟ, ನನಗೂ ಕಷ್ಟ. ಇಲ್ಲಿ ಅತ್ತೆಗೆ ಕಾಲು ನೋವು, ನನ್ನಿಂದ ಉಪಕಾರವಾಗುತ್ತದೆ. ಕೆಲಸದವರೆಲ್ಲ ಮಲಯಾಳ ಮಾತಾಡುತ್ತಾರೆ, ಸ್ವಲ್ಪ ಕಲಿತೆ. ನನ್ನ ಕಥೆ ಅವರಿಗೆ ತಿಳಿಯದು.

ಅಜ್ಜ ಗಿಂಡಿಯನ್ನು ಅಟ್ಟಕ್ಕೆ ಹಾಕಿದ್ದಾರೆ. ಕರೆಯಲು ಬಂದವರಿಗೆಲ್ಲ ಇನ್ನು ಎರೆಯುವುದಿಲ್ಲ ಎಂದರಂತೆ. ಅವರ ಕಣ್ಣಿಗೆ ಪೊರೆ ಬಂದಿದೆ, ಎದುರಿನವರ ಮುಖ ಸರಿಯಾಗಿ ಕಾಣುವುದಿಲ್ಲ. ನಾನು ಹೊರಟ ದಿನ ಕೇಳಿದರು, “ಆ ಪಿಚ್ಚರ್ ಯಾವಾಗ ಬರೋದು ಮಗಾ? ನೋಡೆಕ್ಕು.”

ನನಗೂ ಅದೊಂದೇ ಆಸೆ. ಆದದ್ದು ಆಯಿತು, ಆ ಚಿತ್ರದಲ್ಲಾದರೂ ಅದು ನಗುವ ವಿಷಯವಾಗಿ ಇರುತ್ತದಲ್ಲ. ನಾವೆಲ್ಲ ಹೋದ ಮೇಲೂ ಚಿತ್ರ ಇರುತ್ತದೆ ಎಂದು ಕೆಂಪಣ್ಣ ಹೇಳುತ್ತಿದ್ದ. ಜನ ನೋಡಿ, ‘ಎಷ್ಟು ಚೆನ್ನಾಗಿ ಎರೆದರು’ ಎನ್ನುತ್ತಾರೆ. ನಿಮ್ಮ ಕಡೆ ಬಂದರೆ ತಪ್ಪದೆ ನೋಡು. ಬಳೆ ನೋಡಿ ಗುರುತು ಹಿಡಿ.

ಪ್ರೇಮ


ಮೂರ್ನಾಡು
೨೪ ಅಕ್ಟೋಬರ್ ೧೯೫೪

ಪ್ರೇಮಾ,

ಕೊನೆಗೂ ಬಂತು! ಇಲ್ಲಿ ಟೆಂಟ್ ಹಾಕಿದ್ದಾರೆ, ಎರಡು ಸಲ ನೋಡಿದೆ. ಮೊದಲ ಸಲ ಮನೆಯವರೆಲ್ಲ ಹೋಗಿದ್ದೆವು, ಅತ್ತೆಯೂ ಬಂದಿದ್ದರು. ಮತ್ತೊಂದು ಸಲ ನಾನೊಬ್ಬಳೇ ಹಟ ಮಾಡಿ ಹೋದೆ, ಸರಿಯಾಗಿ ನೋಡಿದೆನೋ ಇಲ್ಲವೋ ಎಂದು.

ಎಷ್ಟು ಚೆನ್ನಾಗಿ ಬಂದಿದೆ ಗೊತ್ತೇ! ಕೋಟೆ ನಿಜವಾದ ಕಲ್ಲಿನದೇ ಅನ್ನಿಸುತ್ತದೆ. ಧಾರೆಯ ದೃಶ್ಯದಲ್ಲಿ ನಿನ್ನ ಕೈ ಪರದೆಯ ತುಂಬ ಕಾಣುತ್ತದೆ. ಹಸಿರು ಬಳೆಯಿಂದಲೇ ಗುರುತು ಹಿಡಿದೆ. ಅಜ್ಜನ ಗಿಂಡಿಯಿಂದ ನೀರು ಎಳೆಯಾಗಿ ಇಳಿದು ನಿನ್ನ ಬೊಗಸೆ ತುಂಬುತ್ತದೆ, ಇಡೀ ಟೆಂಟು ಸುಮ್ಮನಾಗಿತ್ತು. ಪಕ್ಕದ ಹೆಂಗಸು, “ಯಾರಪ್ಪ ಈ ಅಜ್ಜ, ನಿಜವಾದವರ ಹಾಗೆ ಎರೆಯುತ್ತಾರೆ,” ಎಂದಳು. ನಮ್ಮಜ್ಜ ಎಂದೆ. ಅತ್ತೆಯೂ ಕೇಳಿಸಿಕೊಂಡರು.

ಒಂದು ಆಡಿನ ತಮಾಷೆಯೂ ಇದೆ, ಅದಕ್ಕೆ ಜನ ಕುಣಿದು ನಗುತ್ತಾರೆ. ಅದನ್ನೇನು ಬರೆಯುವುದು, ಬಿಡು. ಆ ಗುಡ್ಡದ ತುದಿಗೆ ಚಿತ್ರ ಬರುವುದಿಲ್ಲ ಎಂದು ಬೇಸರ ಮಾಡಿಕೊಳ್ಳಬೇಡ. ನಿನ್ನ ಪಾಲಿಗೂ ನಾನೇ ನೋಡಿದ್ದೇನೆ.

ಯಮುನ


ಕರಿಕೆ
೭ ನವೆಂಬರ್ ೧೯೫೪

ಅಕ್ಕ,

ನಿನ್ನ ಕಾಗದ ತಲುಪಿತು. ಅದಕ್ಕೆ ಮೊದಲೇ ‘ತುಂಟ ಯುವರಾಣಿ’ ಸುಳ್ಯಕ್ಕೆ ಬಂದಿತ್ತು. ಮೊಣ್ಣಪ್ಪ ಮಾವ ಅಜ್ಜನನ್ನು ಚೇರಂಬಾಣೆಯಿಂದ ಕರೆಸಿ, ನಮ್ಮಿಬ್ಬರನ್ನೂ ಜೀಪಿನಲ್ಲಿ ಕರೆದುಕೊಂಡು ಹೋದರು. ಅಜ್ಜ ಬಿಳಿ ಕುಪ್ಪಸ ತೊಟ್ಟು ಮದುವೆಗೆ ಹೊರಟವರ ಹಾಗೆ ಬಂದಿದ್ದರು.

ಧಾರೆ ಇಲ್ಲ, ಅಕ್ಕ. ಅದು ನಿನಗೂ ಗೊತ್ತು. ಮದುವೆಯ ಬೆಳಿಗ್ಗೆಯೇ ಯುವರಾಣಿ ಕಿಟಕಿಯಿಂದ ಹಾರಿ ಓಡಿಹೋಗುತ್ತಾಳೆ. ಮಂಟಪದಲ್ಲಿ ಮುದಿ ರಾಜ ಮುಸುಕು ತೆಗೆದರೆ ಒಳಗೆ ಒಂದು ಆಡು, ನಾನು ಉಟ್ಟ ಸೀರೆಯನ್ನೇ ಹೊದೆಸಿದ್ದಾರೆ. ಟೆಂಟಿನವರು ಬೆಂಚು ಬಡಿದು ನಕ್ಕರು. ನಾನೂ ನಕ್ಕೆ. ಆಡು ಚೆನ್ನಾಗಿ ಅಭಿನಯಿಸಿದೆ. ಆಮೇಲೆ ಕಣ್ಣು ಒರೆಸಿಕೊಂಡೆ, ಪಕ್ಕದವರು ನಗುವಿನ ನೀರು ಅಂದುಕೊಂಡರು.

ಕೊನೆಯಲ್ಲಿ ಅವಳು ದೊಡ್ಡವಳಾಗಿ ಸಿಂಹಾಸನದಲ್ಲಿ ಕೂತಳು. ಹದಿನೆಂಟು ವರ್ಷ ಅವಳಿಗೆ, ಮುಖದಲ್ಲಿ ಒಂದು ಗೆರೆ ಇಲ್ಲ.

ಆಡು ಬಂದ ಹೊತ್ತಿಗೆ ಅಜ್ಜ ನನ್ನ ಕೈ ಹಿಡಿದು, “ಮಂಟಪ ಅಲ್ವಾ? ಬಂತಾ ಮಗಾ, ನಮ್ಮದು?” ಎಂದು ಕೇಳಿದರು. ಅವರಿಗೆ ಪರದೆಯ ಮೇಲೆ ಬೆಳಕು ಆಡುವುದಷ್ಟೇ ಕಾಣುವುದು.

ಬಂತು ಅಜ್ಜ, ಎಂದೆ.

“ನೀರು ಸರಿ ಬಿತ್ತಾ?”

ಸರಿಯಾಗಿ ಬಿತ್ತು ಎಂದೆ. “ಮತ್ತೆ ಎಂತಕ್ಕೆ ನಗ್ತಾರೆ ಇವೆಲ್ಲ?” ಎಂದರು. ಟೈಲರ್ ಕೆಂಪಣ್ಣನ ಮೀಸೆ ನೋಡಿ ನಗುತ್ತಾರೆ ಎಂದೆ. ಅಜ್ಜನೂ ನಕ್ಕರು. ಅಂದು ಜಗಲಿಯಲ್ಲಿ ಬಾರದ ಸುಳ್ಳು ಅಲ್ಲಿ ಸಲೀಸಾಗಿ ಬಂತು.

ವಾಪಸು ಬರುವಾಗ ಜೀಪಿನಲ್ಲಿ ಅವರು ಕಣ್ಣು ಮುಚ್ಚಿ ಕೂತಿದ್ದರು. ನಾನು ಹೇಳಿದ್ದನ್ನು ನಂಬಿದರೋ ಇಲ್ಲವೋ ತಿಳಿಯಲಿಲ್ಲ. ವಾರವೆಲ್ಲ ಇಲ್ಲೇ, ಕರಿಕೆಯಲ್ಲಿ, ಮಂಕಾಗಿ ಇದ್ದರು. ಅಷ್ಟರಲ್ಲಿ ನಿನ್ನ ಕಾಗದ ಬಂತು.

ಅಯ್ಯೋ ಅಕ್ಕ, ಕಪ್ಪು ಬಿಳುಪಿನ ಚಿತ್ರದಲ್ಲಿ ಹಸಿರು ಬಳೆ ಕಂಡದ್ದು ಇಡೀ ಕೊಡಗಿನಲ್ಲಿ ನಿನಗೊಬ್ಬಳಿಗೇ. ಮೊದಲು ನಾನೊಬ್ಬಳೇ ಓದಿದೆ. ಆಮೇಲೆ ಅಜ್ಜನ ಹತ್ತಿರ ಹೋಗಿ, ನೀನು ಒಲೆಯ ಮುಂದೆ ಓದುತ್ತಿದ್ದ ಹಾಗೆ ಗಟ್ಟಿಯಾಗಿ ಓದಿದೆ. ಆಡಿನ ಸಾಲು ಬಿಟ್ಟು ಎಲ್ಲವನ್ನೂ ಓದಿದೆ.

ಅಜ್ಜ ನೆಟ್ಟಗೆ ಕೂತರು. “ಯಮುನಂಗೂ ಕಂಡಿದೆಯಾ?” ಎಂದು ಕೇಳಿದರು. ಎರಡು ಸಲ ಕಂಡಿದೆ ಅಜ್ಜ, ಎಂದೆ.

ಅವರು ಎರಡೂ ಕೈ ಮುಂದೆ ಚಾಚಿ ಸ್ವಲ್ಪ ಹೊತ್ತು ಹಾಗೇ ನೋಡಿಕೊಂಡರು. ಆಮೇಲೆ, ನೀರು ಬೀಳುವ ಆ ಭಾಗವನ್ನು ಇನ್ನೊಮ್ಮೆ ಓದು ಎಂದರು. ಓದಿದೆ.

ಪ್ರೇಮ